ಊರೋಕೂ ಅದೇ, ಕ್ಯಾಮೆರಾ ಕೂರಿಸೋಕೂ ಅದೇ: ಟ್ರೆಕಿಂಗ್ ಕೋಲು ತಗೋಳೋರಿಗೆ ಒಂದಿಷ್ಟು

ಟ್ರೈಪಾಡ್ ಹೆಗಲಿಗೇರಿಸ್ಕೊಂಡು ಕುದುರೆಮುಖ ಹತ್ತೋರನ್ನ ಕಂಡ್ರೆ ನನಗೆ ಗೌರವ ಇದೆ, ಜೊತೆಗೆ ಪಾಪ ಅಂತಾನೂ ಅನ್ಸತ್ತೆ. ಮುಳ್ಳೋಡಿಯಿಂದ ಹೊರಟು ತುದಿ ಮುಟ್ಟಿ ವಾಪಸ್ ಬರೋಕೆ 20 ಕಿಲೋಮೀಟರ್ ಹತ್ತಿರ ಆಗತ್ತೆ, ಕತ್ತಲಾಗೋದ್ರೊಳಗೆ ಕೆಳಗಿಳೀಲೇಬೇಕು, ನಡುವೆ ಹಳ್ಳ ದಾಟ್ಬೇಕು, ಶೋಲಾ, ಅಂದ್ರೆ ಬೆಟ್ಟದ ಸಂದಿಯ ದಟ್ಟ ಕಾಡಿನ ಒಳಗೆ ಒದ್ದೆ ಬೇರಿನ ಮೇಲೆ ಕಾಲಿಟ್ರೆ ಜಾರತ್ತೆ, ಇಷ್ಟರ ಮಧ್ಯೆ ಟ್ರೈಪಾಡ್ ಬಿಚ್ಚಿ ಮೂರು ಕಾಲು ಎಳೆದು ಲೆವೆಲ್ ಮಾಡಿ ಒಂದು ಫೋಟೋ ತೆಗೆಯೋಷ್ಟರಲ್ಲಿ ಜೊತೆಗಿದ್ದೋರು ಒಂಟಿಮರ ದಾಟಿ ಹೋಗಿರ್ತಾರೆ. ಹೋಗ್ಲಿ ಕೈಯಲ್ಲೇ ಹಿಡ್ದು ತೆಗೆಯೋಣ ಅಂದ್ರೆ ಮಳೆಗಾಲದ ಶೋಲಾದಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಮುಸ್ಸಂಜೆ ಥರ ಬೆಳಕು, ಅರ್ಧಕ್ಕರ್ಧ ಫೋಟೋ ಶೇಕ್ ಆಗಿರತ್ತೆ.

ಹಂಗಾಗಿ ಟ್ರೆಕ್ಕಿಗೂ ಫೋಟೋಗೂ ಎರಡಕ್ಕೂ ಆಗೋ ಕೋಲು ಯಾವುದು ತಗೋಳ್ಲಿ ಅಂತ ಸುಮಾರು ಜನ ಕೇಳ್ತಿರ್ತಾರೆ. ನೋಡೋಕೆ ಮಾಮೂಲಿ ಟ್ರೆಕಿಂಗ್ ಪೋಲ್ ಥರಾನೇ ಇರತ್ತೆ, ಹಿಡಿ ಮೇಲೆ ಒಂದು ಗುಂಡು ಇರತ್ತೆ, ಮರದ್ದೋ ಪ್ಲಾಸ್ಟಿಕ್ಕಿಂದೋ. ಅದನ್ನ ತಿರುಗಿಸಿ ಬಿಚ್ಚಿದ್ರೆ ಒಳಗೆ ಕಾಲಿಂಚಿನ ಸ್ಕ್ರೂ. ಅದರ ಮೇಲೆ ಕ್ಯಾಮೆರಾ ಕೂರ್ಸಿದ್ರೆ ಮೊನೊಪಾಡ್, ಅಂದ್ರೆ ಒಂಟಿ ಕಾಲಿನ ಕ್ಯಾಮೆರಾ ಸ್ಟ್ಯಾಂಡ್ ರೆಡಿ. ಕ್ಯಾನನ್ನೋ ನಿಕಾನೋ ಸೋನಿಯೋ, ಕ್ಯಾಮೆರಾ ಅಡಿಯಲ್ಲಿರೋ ಆ ತೂತು ಎಲ್ಲಾದಕ್ಕೂ ಒಂದೇ ಅಳತೆ, ಇಂಚಿಗೆ 20 ಸುತ್ತಿನ ಥ್ರೆಡ್, ಐಎಸ್‌ಒ 1222 ಅಂತ ಅದಕ್ಕೊಂದು ಸ್ಟ್ಯಾಂಡರ್ಡೇ ಇದೆ. ಅದಕ್ಕೇ 'ನನ್ನ ಕ್ಯಾಮೆರಾಗೆ ಕೂರತ್ತಾ' ಅಂತ ತಲೆ ಕೆಡಿಸ್ಕೋಬೇಡಿ, ಕೂರತ್ತೆ. ಮೊಬೈಲ್‌ನವ್ರಿಗೂ ಇದೇ ಸ್ಕ್ರೂಗೆ ಹೊಂದೋ ಕ್ಲಾಂಪ್ ಸಿಗತ್ತೆ, ರೇಟೂ ಕಡಿಮೆ.

ನಾನು ಕೇಳೋರಿಗೆಲ್ಲ ಹೇಳೋದು, ಸ್ಕ್ರೂ ಇದೆ ಅಂತ ಕೋಲು ತಗೋಬೇಡಿ. ಇಡೀ ದಿನದಲ್ಲಿ ಕ್ಯಾಮೆರಾ ಅದರ ಮೇಲೆ ಕೂರೋದು ಹೆಚ್ಚಂದ್ರೆ ಅರ್ಧ ಗಂಟೆ, ಉಳಿದ ಏಳೆಂಟು ಗಂಟೆ ಕೂರೋದು ನಿಮ್ಮ ಭಾರ. ಕೋಲಾಗಿ ಪಾಸಾಗ್ದೇ ಇರೋದು ಮೊನೊಪಾಡ್ ಆಗಿ ಎಷ್ಟು ಚೆನ್ನಾಗಿದ್ರೂ ವೇಸ್ಟು. ಆನ್‌ಲೈನಲ್ಲಿ ಆಡ್ ಹಾಕೋರು ಮಾತ್ರ ಸ್ಕ್ರೂ, ಟಾರ್ಚು, ದಿಕ್ಸೂಚಿ, ಸೀಟಿ ಎಲ್ಲಾ ತೋರಿಸ್ತಾರೆ, ಲಾಕ್ ಎಂಥದ್ದು ಅನ್ನೋದನ್ನ ಫೋಟೋ ಝೂಮ್ ಮಾಡಿ ನಾವೇ ಹುಡುಕ್ಬೇಕು.

ಲಾಕ್ ವಿಷ್ಯಾನೇ ಮೊದ್ಲು ಹೇಳ್ಬಿಡ್ತೀನಿ. ಎತ್ತರ ಅಡ್ಜಸ್ಟ್ ಮಾಡೋ ಕೋಲಲ್ಲಿ ಮುಖ್ಯವಾಗಿ ಎರಡು ಥರ. ಒಂದು ತಿರುಗಿಸಿ ಬಿಗಿ ಮಾಡೋದು, ಕೊಳವೆ ಒಳಗೊಂದು ಪ್ಲಾಸ್ಟಿಕ್ ತುಂಡು ಇರತ್ತೆ, ತಿರುಗಿಸ್ದಂಗೆ ಅದು ಅಗಲ ಆಗಿ ಹೊರಗಿನ ಕೊಳವೆಗೆ ಕಚ್ಕೊಳತ್ತೆ. ಇನ್ನೊಂದು ಹೊರಗಡೆ ಲಿವರ್ ಇರೋದು, ಸೈಕಲ್ ಸೀಟ್ ಎತ್ತರ ಮಾಡೋವಾಗ ಮಡಚ್ತೀವಲ್ಲ ಆ ಥರ, ಬ್ಲ್ಯಾಕ್ ಡೈಮಂಡ್‌ನವ್ರು ಫ್ಲಿಕ್‌ಲಾಕ್ ಅಂತಾರೆ, ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿಟ್ಕೊಂಡಿದ್ದಾರೆ. ತಿರುಗಿಸೋ ಲಾಕ್ ಒಣಗಿರೋ ಜಾಗದಲ್ಲಿ ಪರವಾಗಿಲ್ಲ, ಆದ್ರೆ ಮಲೆನಾಡಿನ ಜುಲೈ-ಆಗಸ್ಟಲ್ಲಿ ಕೊಳವೆ ಒಳಗೆ ನೀರು, ಸಣ್ಣ ಮಣ್ಣು ಹೋಗಿ ಪ್ಲಾಸ್ಟಿಕ್ ತುಂಡು ಜಾರೋಕೆ ಶುರುವಾಗತ್ತೆ, ನಮ್ಮ ಕೈಯೂ ಒದ್ದೆ ಇರೋದ್ರಿಂದ ಎಷ್ಟು ತಿರುಗಿಸಿದ್ರೂ ಬಿಗಿ ಬರಲ್ಲ.

ಕ್ಯಾಮೆರಾ ಕೂರ್ಸೋರಿಗಂತೂ ತಿರುಗಿಸೋ ಲಾಕಲ್ಲಿ ಇನ್ನೊಂದು ಕಾಟ ಇದೆ. ಇದನ್ನ ಯಾವ ಅಂಗಡಿಯವ್ರೂ ಹೇಳಲ್ಲ. ಗುಂಡು ಬಿಚ್ಚೋವಾಗ ತಿರುಗಿಸ್ತೀರಿ, ಕ್ಯಾಮೆರಾ ಹಾಕೋವಾಗ ಒಂದು ಕಡೆಗೆ ತಿರುಗಿಸ್ತೀರಿ, ತೆಗೆಯೋವಾಗ ಇನ್ನೊಂದು ಕಡೆಗೆ. ಮೇಲಿನ ಕೊಳವೇನ ಸರಿಯಾಗಿ ಹಿಡ್ಕೊಳ್ದೆ ಕೆಳಗೆಲ್ಲೋ ಹಿಡ್ಕೊಂಡಿದ್ರೆ ಆ ತಿರುವೇ ಲಾಕ್‌ಗೂ ಹೋಗಿ ಅದು ಸಡಿಲ ಆಗತ್ತೆ, ಕ್ಯಾಮೆರಾ ಬಿಚ್ಚಿ ಬ್ಯಾಗಿಗೆ ಹಾಕಿ ಗುಂಡು ತಿರುಗಿಸಿ ಕೋಲೂರಿ ಇಳಿಯೋಕೆ ಹೊರಟ್ರೆ ಮೊದಲ್ನೇ ಹೆಜ್ಜೇಲೇ ಕೋಲು ಸರ್ರಂತ ಒಳಗೆ ಹೋಗತ್ತೆ. ಲಿವರ್ ಲಾಕಿಗೆ ಈ ಕಾಟ ಇಲ್ಲ. ಅದು ಸಡಿಲ ಆದ್ರೂ ಲಿವರ್ ಪಕ್ಕದಲ್ಲಿರೋ ಸಣ್ಣ ಸ್ಕ್ರೂನ ಅರ್ಧ ಸುತ್ತು ಬಿಗಿ ಮಾಡಿದ್ರೆ ಸರಿಹೋಗತ್ತೆ, ಕೆಲವಕ್ಕೆ ಸ್ಕ್ರೂಡ್ರೈವರ್ ಬೇಕು, ಬೆರಳಲ್ಲೇ ತಿರುಗಿಸೋಕಾಗೋದು ಸಿಕ್ರೆ ಅದನ್ನೇ ತಗೊಳ್ಳಿ.

ಅಂಗಡಿಗೆ ಹೋಗಿ ನೋಡೋ ಅವಕಾಶ ಇದ್ರೆ ಹಿಂಗೆ ಮಾಡಿ. ಕೋಲನ್ನ ಪೂರ್ತಿ ಎಳೆದು, ಸ್ಟಾಪ್ ಅಂತ ಬರೆದಿರೋ ಗೆರೆ ದಾಟಬೇಡಿ, ಎರಡೂ ಲಾಕ್ ಹಾಕಿ ನೆಲಕ್ಕೂರಿ ಎರಡೂ ಕೈ ಗುಂಡಿನ ಮೇಲಿಟ್ಟು ಮೈಭಾರ ಬಿಡಿ, ಒಂದ್ಸಲ ಮೆತ್ತಗೆ, ಒಂದ್ಸಲ ಜೋರಾಗಿ. ಬಿಡೋಕೆ ಮುಂಚೆ ಸೆಂಟಿಮೀಟರ್ ಗುರುತು ಎಲ್ಲಿತ್ತು, ಆಮೇಲೆ ಎಲ್ಲಿದೆ ನೋಡಿ. ಅರ್ಧ ಸೆಂಟಿಮೀಟರ್ ಇಳಿದಿದ್ರೂ ವಾಪಸ್ ಇಟ್ಬಿಡಿ. ಸೇಲ್ಸ್ ಹುಡುಗ ಒಂಥರಾ ನೋಡ್ತಾನೆ, ನೋಡ್ಲಿ ಬಿಡಿ, ಕುಮಾರಪರ್ವತದಿಂದ ಭಟ್ಟರ ಮನೆ ಕಡೆಗೆ ಇಳಿಯೋದು ಅವನಲ್ಲ.

ಇನ್ನು ಎತ್ತರ. ನಡೆಯೋಕೆ ಬೇಕಾದ ಎತ್ತರ ಸುಲಭ, ಕೋಲು ಪಾದದ ಪಕ್ಕ ಊರಿ ಹಿಡ್ಕೊಂಡ್ರೆ ಮೊಣಕೈ 90 ಡಿಗ್ರಿ ಬರಬೇಕು. ನಾನು ಐದಡಿ ಏಳಿಂಚು, ಅಂದ್ರೆ 170 ಸೆಂಟಿಮೀಟರ್, ನನಗೆ ಸಮತಟ್ಟಲ್ಲಿ 115 ಸರಿಹೋಗತ್ತೆ, ಏರಲ್ಲಿ ಐದೋ ಹತ್ತೋ ಸೆಂಟಿಮೀಟರ್ ಇಳಿಸ್ತೀನಿ, ಇಳಿಜಾರಲ್ಲಿ ಅಷ್ಟೇ ಏರಿಸ್ತೀನಿ. ಯಾವ ಕೋಲಾದ್ರೂ ಇದಕ್ಕೆ ಸಾಕು. ತೊಂದ್ರೆ ಬರೋದು ಫೋಟೋ ತೆಗೆಯೋವಾಗ. ನನ್ನ ಕಣ್ಣಿನ ಮಟ್ಟ ನೆಲದಿಂದ 158 ಸೆಂಟಿಮೀಟರ್. ಮಾರ್ಕೆಟ್ಟಲ್ಲಿ ಸಿಗೋ ಹೆಚ್ಚಿನ ಕೋಲು ಪೂರ್ತಿ ಎಳೆದ್ರೆ 135, ಅಪರೂಪಕ್ಕೆ 140. ಅದರ ಮೇಲೆ ಕ್ಯಾಮೆರಾ ಇಟ್ರೆ ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಇನ್ನೊಂದು ಏಳೆಂಟು ಸೆಂಟಿಮೀಟರ್ ಮೇಲಿರತ್ತೆ. 135ಕ್ಕೆ 8 ಸೇರಿಸಿದ್ರೆ 143, ಅಂದ್ರೆ ನಾನು 15 ಸೆಂಟಿಮೀಟರ್ ಬಗ್ಗಬೇಕು. ಬಗ್ಗಿ ನಿಂತ್ರೆ ಬೆನ್ನು ನೋಯೋದು ಆಮೇಲಿನ ಮಾತು, ಮೊದ್ಲು ಮೈಯೇ ಅಲ್ಲಾಡತ್ತೆ, ಕೋಲು ತಂದಿದ್ದೇ ದಂಡ ಅನ್ನೋಹಂಗಾಗತ್ತೆ. ಫೋಟೋಗೆ ಅಂತಾನೇ ಮಾಡಿರೋ ಮೊನೊಪಾಡ್ 155-160 ಮುಟ್ಟೋದು ಇದಕ್ಕೇನೆ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಒಂದು, ಮಡಚೋ ಸ್ಕ್ರೀನ್ ಇರೋ ಕ್ಯಾಮೆರಾ ಆದ್ರೆ ವ್ಯೂಫೈಂಡರ್ ಮರ್ತುಬಿಡಿ, ಸ್ಕ್ರೀನ್ ಮೇಲಕ್ಕೆ ಓರೆ ಮಾಡಿ ಎದೆ ಮಟ್ಟದಲ್ಲೇ ನೋಡ್ಕೊಂಡು ತೆಗೀಬಹುದು, ಮೊಬೈಲ್‌ನವ್ರಿಗೆ ಈ ಸಮಸ್ಯೆನೇ ಇಲ್ಲ. ಎರಡು, ಕ್ಯಾಮೆರಾನ ಬೇಕಾದ ಕಡೆ ವಾಲಿಸೋಕೆ ಆಗೋ ಕೀಲು, ಅಂದ್ರೆ ಸಣ್ಣದೊಂದು ಬಾಲ್ ಹೆಡ್ ಹಾಕಿದ್ರೆ ಏಳೆಂಟು ಸೆಂಟಿಮೀಟರ್ ಎತ್ತರ ಬಿಟ್ಟಿ ಸಿಗತ್ತೆ. ಮೂರನೇದು ದುಡ್ಡು ಖರ್ಚಿಲ್ಲದ್ದು, ಇಳಿಜಾರಲ್ಲಿ ನಿಂತಿದ್ರೆ ಕೋಲನ್ನ ನಿಮಗಿಂತ ಮೇಲಿನ ಮಗ್ಗುಲಲ್ಲಿ ಊರಿ. ಒಂದು ಗೇಣು ಮೇಲಿರೋ ಕಲ್ಲಿನ ಮೇಲೆ ತುದಿ ಇಟ್ರೆ ಅಲ್ಲಿಗೆ ಕಣ್ಣಿನ ಮಟ್ಟಕ್ಕೇ ಬರತ್ತೆ. ಘಟ್ಟದಲ್ಲಿ ಸಮತಟ್ಟು ಜಾಗ ಹುಡುಕಿದ್ರೂ ಸಿಗಲ್ಲ, ಹಂಗಾಗಿ ನಾನು ಹೆಚ್ಚು ಉಪಯೋಗಿಸೋದು ಈ ಮೂರನೇದನ್ನೇ. ಆರಡಿ ಇರೋರು ಮಾತ್ರ 140ಕ್ಕಿಂತ ಕಡಿಮೆದು ನೋಡ್ಲೇಬೇಡಿ.

ಬಾಲ್ ಹೆಡ್ ಬೇಕಾ ಬೇಡ್ವಾ ಅನ್ನೋದಕ್ಕೆ, ಅಡ್ಡ ಫೋಟೋ ಮಾತ್ರ ತೆಗೆಯೋರಾದ್ರೆ ಇಲ್ದೇನೂ ನಡಿಯತ್ತೆ, ಕೋಲನ್ನೇ ಹಿಂದೆ ಮುಂದೆ ವಾಲಿಸಿದ್ರಾಯ್ತು. ಆದ್ರೆ ಜಲಪಾತಕ್ಕೆ ಉದ್ದ ಫ್ರೇಮ್ ಬೇಕೇ ಬೇಕಲ್ಲ, ಅದಕ್ಕೆ ಹೆಡ್ ಇರ್ಲಿ. ನಡೆಯೋವಾಗ ಬಿಚ್ಚಿ ಜೇಬಿಗೆ ಹಾಕ್ಕೊಳ್ಳಿ, ಅದರ ಮೇಲೆ ಅಂಗೈ ಊರಿ ನಡೆದ್ರೆ ಕೈ ಕಿತ್ತೋಗತ್ತೆ.

ಸ್ಕ್ರೂ ನೋಡೋವಾಗ ಅದು ಲೋಹದ್ದೇ ಇರತ್ತೆ, ಅದರ ಬುಡ ನೋಡಿ. ಕೆಲವು ಅಗ್ಗದ ಕೋಲಲ್ಲಿ ಸ್ಕ್ರೂನ ಬರೀ ಪ್ಲಾಸ್ಟಿಕ್ ಹಿಡಿಗೆ ಒತ್ತಿ ಕೂರಿಸಿರ್ತಾರೆ, ಬೆರಳಲ್ಲಿ ಹಿಡ್ದು ಅಲ್ಲಾಡಿಸಿದ್ರೆ ಸ್ವಲ್ಪ ಆಡತ್ತೆ, ಇವತ್ತು ಸ್ವಲ್ಪ ಆಡೋದು ಆರು ತಿಂಗಳು ಬಿಟ್ರೆ ಕ್ಯಾಮೆರಾ ಸಮೇತ ಕೈಗೆ ಬರತ್ತೆ. ಸ್ಕ್ರೂ ಉದ್ದ ಜಾಸ್ತಿ ಇದ್ರೂ ತೊಂದ್ರೆ, ಕ್ಯಾಮೆರಾ ತೂತಿನ ತಳ ಮುಟ್ಟಿಬಿಡತ್ತೆ, ಮೇಲೆ ಗ್ಯಾಪ್ ಹಾಗೇ ಉಳ್ಕೊಳತ್ತೆ, ಬಿಗಿ ಆಯ್ತು ಅನ್ಕೊಂಡು ಜೋರು ಮಾಡಿದ್ರೆ ಥ್ರೆಡ್ ಹೋಗತ್ತೆ. ಒಂದು ರಬ್ಬರ್ ವಾಷರ್ ಮಧ್ಯೆ ಹಾಕಿದ್ರೆ ಸರಿ, ನಲ್ಲಿ ಸಾಮಾನು ಸಿಗೋ ಹಾರ್ಡ್‌ವೇರ್ ಅಂಗಡೀಲಿ ಸಿಗತ್ತೆ. ಬಿಚ್ಚಿದ ಗುಂಡು ಕಳೆದುಹೋಗೋದು ಗ್ಯಾರಂಟಿ, ಹುಲ್ಲಲ್ಲಿ ಬಿದ್ರೆ ಸಿಗಲ್ಲ, ಅದಕ್ಕೊಂದು ದಾರ ಕಟ್ಟೋ ವ್ಯವಸ್ಥೆ ಕಂಪನಿಯವ್ರೇ ಕೊಟ್ಟಿದ್ರೆ ಒಳ್ಳೇದು, ಇಲ್ದಿದ್ರೆ ಬಿಚ್ಚಿದ ತಕ್ಷಣ ಬ್ಯಾಗಿನ ಒಂದೇ ಜೇಬಿಗೆ ಹಾಕೋ ಅಭ್ಯಾಸ ಮಾಡ್ಕೊಳ್ಳಿ.

ಸ್ಪ್ರಿಂಗ್ ಇರೋದು ಬೇಡವೇ ಬೇಡ. ಆಂಟಿ-ಶಾಕ್ ಅಂತ ಹೆಸರು, ಊರಿದಾಗ ಮಣಿಕಟ್ಟಿಗೆ ಪೆಟ್ಟು ಬೀಳ್ದೇ ಇರ್ಲಿ ಅಂತ ಒಳಗೊಂದು ಸ್ಪ್ರಿಂಗ್. ಕ್ಯಾಮೆರಾ ಇಟ್ಟು ಮೇಲಿಂದ ಒತ್ತಿದ್ರೆ ಅದು ಕುಣಿಯತ್ತೆ, ಮೊನೊಪಾಡಲ್ಲಿ ಸ್ಥಿರ ಬರೋದೇ ಮೇಲಿಂದ ಒತ್ತೋದ್ರಿಂದ. ಕೆಲವದ್ರಲ್ಲಿ ಸ್ಪ್ರಿಂಗ್ ಲಾಕ್ ಮಾಡೋ ಸೌಕರ್ಯ ಇರತ್ತೆ, ಅಂಥದ್ದಾದ್ರೆ ಸರಿ.

ಅಲ್ಯೂಮಿನಿಯಮ್ಮೋ ಕಾರ್ಬನ್ನೋ ಅನ್ನೋದು ಹಳೇ ಜಗಳ. ಕಾರ್ಬನ್ ಹಗುರ, ನಡುಕಾನೂ ಬೇಗ ಇಂಗಿಸ್ಕೊಳತ್ತೆ, ಆದ್ರೆ ಎರಡು ಬಂಡೆ ಸಂದಿಗೆ ತುದಿ ಸಿಕ್ಕಿ ಪಕ್ಕಕ್ಕೆ ಭಾರ ಬಿದ್ರೆ ಲಟಕ್ಕಂತ ಮುರಿಯತ್ತೆ. ಅಲ್ಯೂಮಿನಿಯಂ ಬಗ್ಗತ್ತೆ, ಬಗ್ಗಿದ್ದನ್ನೇ ಊರ್ಕೊಂಡು ಊರು ಸೇರ್ಬಹುದು. ನಮ್ಮ ಕಡೆ ಕಾಡಿಗೆ ನಾನಂತೂ ಅಲ್ಯೂಮಿನಿಯಮ್ಮೇ ಅನ್ನೋದು, ಅದರಲ್ಲೂ 7075 ಅಂತ ಬರೆದಿರೋ ಗಟ್ಟಿ ಮಿಶ್ರಲೋಹ ಸಿಕ್ರೆ ಬಿಡಬೇಡಿ. ತೂಕ 300 ಗ್ರಾಂ ಆಸುಪಾಸು, ಕೈಯಲ್ಲೇ ಇರೋದ್ರಿಂದ ಗೊತ್ತೂ ಆಗಲ್ಲ. ಮೂರು ತುಂಡಿನದು ಮಡಚಿದ್ರೆ 60-65 ಸೆಂಟಿಮೀಟರ್ ಆಗತ್ತೆ, ಕಳಸದ ಬಸ್ಸಲ್ಲಿ ಸೀಟ್ ಪಕ್ಕ ಇಟ್ಕೋಬಹುದು. ವಿಮಾನದಲ್ಲಿ ಹೋಗೋರು ಚೆಕ್-ಇನ್ ಬ್ಯಾಗಿಗೇ ಹಾಕಿ, ತುದಿ ಚೂಪಿರೋ ಕೋಲು ಹಿಡ್ಕೊಂಡು ಸೆಕ್ಯೂರಿಟಿ ಮುಂದೆ ವಾದ ಮಾಡೋಕೆ ಹೋಗ್ಬೇಡಿ.

ಸರಿ, ಇಷ್ಟೆಲ್ಲ ಮಾಡಿ ಸಿಗೋದೇನು? ಕೈಯಲ್ಲಿ ಹಿಡ್ದು ತೆಗೆಯೋಕೆ ಹಳೇ ಲೆಕ್ಕ ಒಂದಿದೆ, ಲೆನ್ಸ್ ಎಷ್ಟು ಎಂಎಂ ಇದೆಯೋ ಶಟರ್ ಸೆಕೆಂಡಿನ ಅಷ್ಟನೇ ಒಂದು ಪಾಲಿಗಿಂತ ನಿಧಾನ ಇರ್ಬಾರ್ದು. ಲೆನ್ಸ್ 50 ಎಂಎಂ, ಕ್ಯಾಮೆರಾ ಸಣ್ಣ ಸೆನ್ಸರಿನದ್ದಾದ್ರೆ ಒಂದೂವರೆಯಿಂದ ಗುಣಿಸಿ 75, ಅಂದ್ರೆ ಶಟರ್ 1/80 ಸೆಕೆಂಡಿಗಿಂತ ನಿಧಾನ ಆಗ್ಬಾರ್ದು. ಮೊನೊಪಾಡ್ ಹಾಕಿದ್ರೆ ಎರಡು ಸ್ಟಾಪ್, ಅಂದ್ರೆ ನಾಲ್ಕು ಪಟ್ಟು ನಿಧಾನದ ಶಟರ್ ಆರಾಮಾಗಿ ಸಿಗತ್ತೆ, 1/20ಕ್ಕೆ ಇಳೀಬಹುದು, ಅಭ್ಯಾಸ ಆದೋರು 1/10ಕ್ಕೂ ಹೋಗ್ತಾರೆ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಐಎಸ್‌ಒ ಸಂಖ್ಯೆ 3200 ಬೇಕಾಗಿದ್ದ ಕಡೆ 800 ಸಾಕಾಗತ್ತೆ, ಶೋಲಾದ ಪಾಚಿ, ಜರಿಗಿಡ, ಆರ್ಕಿಡ್ ಇವೆಲ್ಲ ಕಾಳುಕಾಳಾಗ್ದೆ ಬರತ್ತೆ. ಕ್ಯಾಮೆರಾದಲ್ಲಿ ನಡುಕ ತಡೆಯೋ ಸ್ಟೆಬಿಲೈಸೇಶನ್ ಇದ್ರೆ ಆನ್ ಇಟ್ಕೊಳ್ಳಿ, ಟ್ರೈಪಾಡಲ್ಲಿ ಆಫ್ ಮಾಡಿ ಅಂತಾರಲ್ಲ ಆ ಮಾತು ಇದಕ್ಕೆ ಅನ್ವಯ ಆಗಲ್ಲ. ಆಗ ಹಳ್ಳದ ನೀರನ್ನ 1/8ರಲ್ಲಿ ತೆಗೆದು ಸ್ವಲ್ಪ ಹಾಲಿನ ಥರ ಮಾಡೋದೂ ಸಾಧ್ಯ.

ನಿಲ್ಲೋ ರೀತೀಲೂ ಇದೆ. ಕೋಲು ಮುಂದೆ, ಎರಡೂ ಕಾಲು ಅಗಲ ಮಾಡಿ ಹಿಂದೆ, ನೀವೂ ಕೋಲೂ ಸೇರಿ ಮುಕ್ಕಾಲಿ ಆಗ್ಬೇಕು. ಎಡಗೈಯಲ್ಲಿ ಕ್ಯಾಮೆರಾ ಹತ್ರಾನೇ ಕೋಲು ಹಿಡ್ದು ಕೆಳಕ್ಕೆ ಒತ್ತಿ, ಹುಬ್ಬು ವ್ಯೂಫೈಂಡರಿಗೆ ತಾಗಿಸಿ, ಉಸಿರು ಅರ್ಧ ಬಿಟ್ಟು ಒಂದೇ ಸಲಕ್ಕೆ ಮೂರ್ನಾಲ್ಕು ಫೋಟೋ ಹೊಡೀರಿ, ನಡುವಿನದ್ರಲ್ಲಿ ಒಂದು ಶಾರ್ಪ್ ಇರತ್ತೆ. ಮರ ಇದ್ರೆ ಭುಜ ಒರಗಿಸಿ. ಕ್ಯಾಮೆರಾ ಬೆಲ್ಟ್ ಮಾತ್ರ ಕತ್ತಲ್ಲೇ ಇರ್ಲಿ, ಸ್ಕ್ರೂ ಮೇಲೆ ಎಷ್ಟೇ ನಂಬಿಕೆ ಇದ್ರೂ. ಇನ್ನೊಂದು, ಹಿಂಗೆ ಅಲ್ಲಾಡ್ದೆ ಎರಡು ನಿಮಿಷ ನಿಂತ್ರೆ ಉಂಬಳಗಳಿಗೆ, ಅಂದ್ರೆ ಕಾಡಿನ ಜಿಗಣೆಗಳಿಗೆ ಹಬ್ಬ, ಶೂಗೆ ಉಪ್ಪೋ ಹೊಗೆಸೊಪ್ಪಿನ ಪುಡಿನೋ ಹಾಕ್ಕೊಂಡೇ ನಿಲ್ಲಿ. ಕಳಸದ ಕಡೆಯ ಗೈಡ್ ಒಬ್ರು ನಾನು ನಿಂತಿದ್ದ ಭಂಗಿ ನೋಡಿ 'ಎಂತ ಸಾರ್, ಕೋವಿ ಹಿಡ್ದು ಶಿಕಾರಿಗೆ ಹೊರಟ ಹಾಗೆ ನಿಂತಿದೀರಿ, ಅತ್ಲಾಗೆ ಕಾಲು ನೋಡಿ ಮಾರಾಯ್ರೆ' ಅಂದಿದ್ರು, ನೋಡಿದ್ರೆ ಸಾಕ್ಸ್ ಮೇಲೆ ಮೆರವಣಿಗೆ.

ಆಗದೇ ಇರೋದೂ ಬೇಕಾದಷ್ಟಿದೆ. ನಕ್ಷತ್ರ, ಒಂದು ಸೆಕೆಂಡ್ ಮೀರಿದ ಯಾವ ಫೋಟೋನೂ ಇದ್ರಲ್ಲಿ ಆಗಲ್ಲ. ಹಕ್ಕಿ ತೆಗೆಯೋರ 150-600 ಲೆನ್ಸ್ ಒಂದೇ 2 ಕೆಜಿ ಹತ್ರ ಬರತ್ತೆ, ಕೆಳಗಿನ ಕೊಳವೆ 14 ಮಿಲಿಮೀಟರ್ ದಪ್ಪ ಇರೋ ಕೋಲಿನ ಮೇಲೆ ಅದನ್ನಿಟ್ರೆ ಗಾಳಿಗೇ ತೂಗಾಡತ್ತೆ, ಅವ್ರು ದಯವಿಟ್ಟು ಸರಿಯಾದ ಮೊನೊಪಾಡ್ ತಗೊಳ್ಳಿ. ಕೋಲನ್ನ ಕೆಸರಿಗೆ ಚುಚ್ಚಿ ಟೈಮರ್ ಹಾಕಿ ಗ್ರೂಪ್ ಫೋಟೋಗೆ ಓಡೋ ಮಹಾನುಭಾವರನ್ನೂ ನೋಡಿದೀನಿ, ಅದರ ಬಗ್ಗೆ ಏನೂ ಹೇಳಲ್ಲ.

ಒಂದು ಕೋಲೋ ಎರಡೋ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಎಳೆದಾಡತ್ತೆ. ಮೇಲೆ ಗುಂಡಿರೋ ಫೋಟೋ ಕೋಲುಗಳು ಹೆಚ್ಚಾಗಿ ಒಂಟಿಯಾಗೇ ಬರತ್ವೆ. ಆದ್ರೆ ಮೊಣಕಾಲಿಗೆ ಲಾಭ ಅಂತ ನಾವು ಹೇಳೋದೆಲ್ಲ ಎರಡು ಕೋಲಿನ ಲೆಕ್ಕ. 1999ರಲ್ಲಿ ಆಸ್ಟ್ರಿಯಾದ ಸಂಶೋಧಕರು 25 ಡಿಗ್ರಿ ಇಳಿಜಾರಲ್ಲಿ ಜನರನ್ನ ನಡೆಸಿ ಅಳೆದು ನೋಡಿದ್ರು, ಜೋಡಿ ಕೋಲು ಊರಿ ಇಳಿದ್ರೆ ಮೊಣಕಾಲಿನ ಮೇಲಿನ ಹೊರೆ 12ರಿಂದ 25 ಪರ್ಸೆಂಟ್ ಕಡಿಮೆ ಆಗಿತ್ತು. ಒಂಟಿ ಕೋಲಿಂದ ಅಷ್ಟೇ ಸಿಗತ್ತೆ ಅಂತ ಹೇಳೋಕಾಗಲ್ಲ. ಹಿಮಾಲಯಕ್ಕೆ ಹೋಗೋರು, ಮೊಣಕಾಲು ಆಗ್ಲೇ ಗೊಣಗ್ತಾ ಇರೋರು ಮಾಮೂಲಿ ಜೋಡಿ ಕೋಲು ತಗೊಂಡು, ಅದರಲ್ಲೊಂದಕ್ಕೆ ಹಾಕೋ ಕ್ಯಾಮೆರಾ ಕ್ಲಾಂಪ್ ಬೇರೆ ತಗೊಳ್ಳಿ, ಮೊಬೈಲಿಗೂ ಸಣ್ಣ ಕ್ಯಾಮೆರಾಗೂ ಅದು ಸಾಕು. ಕೊಡಚಾದ್ರಿ, ತಡಿಯಂಡಮೋಳ್, ಮುಳ್ಳಯ್ಯನಗಿರಿ ಅಂತ ಬೆಳಿಗ್ಗೆ ಹೋಗಿ ಸಂಜೆ ಬರೋರಿಗೆ, ಒಂದು ಕೈ ಖಾಲಿ ಇದ್ರೇನೇ ಕ್ಯಾಮೆರಾ ಹಿಡಿಯೋಕೆ ಅನುಕೂಲ ಅನ್ನೋರಿಗೆ ಗುಂಡಿನ ಒಂಟಿ ಕೋಲೇ ಸರಿ. ನನ್ನ ಹತ್ರ ಇರೋದೂ ಅದೇ.

ತಂದ ಮೇಲೆ ನೋಡ್ಕೊಳ್ಳೋದು ಕಷ್ಟ ಇಲ್ಲ. ಮಳೆಯಲ್ಲಿ ನೆಂದು ಬಂದ್ರೆ ಮಡಚಿ ಮೂಲೆಗೆ ನಿಲ್ಲಿಸ್ಬೇಡಿ, ಮೂರೂ ತುಂಡು ಬಿಚ್ಚಿ ಬಟ್ಟೇಲಿ ಒರೆಸಿ ಫ್ಯಾನ್ ಕೆಳಗೆ ಒಂದು ರಾತ್ರಿ ಬಿಡಿ, ಇಲ್ದಿದ್ರೆ ಒಳಗೆ ಬಿಳಿ ಪುಡಿ ಕಟ್ಟಿ ಮುಂದಿನ ಸಲ ಎಳೆಯೋಕೇ ಆಗಲ್ಲ. ಕೊಬ್ಬರಿ ಎಣ್ಣೆ, ಗ್ರೀಸ್ ಏನೂ ಹಚ್ಚಬೇಡಿ, ಲಾಕ್ ಹಿಡಿಯೋದೇ ಘರ್ಷಣೆಯಿಂದ, ಎಣ್ಣೆ ಬಿದ್ರೆ ಅದು ಹೋಯ್ತು ಅಂತಾನೇ. ತುದಿಯಲ್ಲಿರೋ ರಬ್ಬರ್ ಬುಷ್ ವಿಷ್ಯ ಬೇರೆ, ಅದು ಕೆಸರಲ್ಲಿ ಬೇಡ, ಲೋಹದ ಮೊನೆನೇ ಹಿಡಿಯೋದು, ಆದ್ರೆ ಸಾವನದುರ್ಗ, ಮಧುಗಿರಿಯಂಥ ಬೋಳು ಬಂಡೆ ಮೇಲೆ ಮೊನೆ ಕಿರ್ರಂತ ಜಾರತ್ತೆ, ಅಲ್ಲಿ ಬುಷ್ ಹಾಕ್ಲೇಬೇಕು, ಕ್ಯಾಮೆರಾ ಕೂರಿಸಿದಾಗ್ಲೂ ಅದೇ ಹಿಡಿಯೋದು. ಕೆಸರಲ್ಲಿ ಬುಷ್ ಹಾಕ್ಕೊಂಡೇ ನಡೆದ್ರೆ ಅದು ಅಲ್ಲೇ ಹೂತು ಉಳ್ಕೊಳತ್ತೆ, ಕೋಲು ಮಾತ್ರ ಮೇಲೆ ಬರತ್ತೆ. ಕೋಲು ತಗೊಳ್ಳೋವಾಗ್ಲೇ ಎರಡು ಜೊತೆ ಎಕ್ಸ್‌ಟ್ರಾ ತಗೊಂಡುಬಿಡಿ, ಆಮೇಲೆ ಅದೇ ಅಳತೆದು ಹುಡುಕೋದು ದೊಡ್ಡ ತಲೆನೋವು.